ಹಳೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ನವೀಕರಣ ಮತ್ತು ಅದರ ಹಣಕಾಸು

ದಶಕಗಟ್ಟಲೆ ದುಡಿದು ಸವೆದ ಕಲ್ಲಿದ್ದಲು ವಿದ್ಯುತ್ ಘಟಕಗಳ ಬಾಯ್ಲರ್, ಟರ್ಬೈನು, ಜನರೇಟರು, ನಿಯಂತ್ರಣ ವ್ಯವಸ್ಥೆ, ಹೊಗೆಯ ಬೂದಿ ಹಿಡಿಯುವ ಯಂತ್ರ ಮೊದಲಾದವನ್ನು ಸರಿಪಡಿಸಿ ಅಥವಾ ಬದಲಿಸಿ ಅವುಗಳ ದಕ್ಷತೆಯನ್ನೂ ಆಯುಸ್ಸನ್ನೂ ಹೆಚ್ಚಿಸುವ ಕೆಲಸಕ್ಕೆ ಭಾರತದ ವಿದ್ಯುತ್ ಇಲಾಖೆಗಳಲ್ಲಿ ನವೀಕರಣ ಮತ್ತು ಆಧುನೀಕರಣ ಎಂದು ಹೆಸರು. ಇಂಜಿನಿಯರುಗಳ ಬಾಯಲ್ಲಿ ಅದು ಬರೀ 'ಆರ್ ಅಂಡ್ ಎಂ'. ಘಟಕದ ಬಾಳಿಕೆಯನ್ನು ಹದಿನೈದು-ಇಪ್ಪತ್ತು ವರ್ಷ ಮುಂದೂಡುವ ದೊಡ್ಡ ಪ್ರಮಾಣದ ಕೆಲಸವಾದರೆ ಅದನ್ನು ಆಯುಸ್ಸು ವಿಸ್ತರಣೆ ಎಂದು ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಇದಕ್ಕೆ ಬೇಕಾಗುವ ಹಣ ಸರ್ಕಾರದ ಬಜೆಟ್ಟು, ವಿದ್ಯುತ್ ಹಣಕಾಸು ಸಂಸ್ಥೆಗಳ ಸಾಲ, ವಿದೇಶಿ ಬ್ಯಾಂಕುಗಳು, ಉತ್ಪಾದನಾ ಕಂಪನಿಯ ಸ್ವಂತ ಬಂಡವಾಳ ಹೀಗೆ ನಾನಾ ಕಡೆಯಿಂದ ಬರುತ್ತದೆ. ಯಾವ ಬಾಗಿಲಿನಿಂದ ಬಂದರೂ ಸಹಾಯಧನವೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಕೊನೆಗೆ ಗ್ರಾಹಕನ ಬಿಲ್ಲಿನಲ್ಲೇ ತೀರಬೇಕು. ನಾಲ್ಕು ದಶಕಗಳ ಭಾರತದ ಅನುಭವವನ್ನು ನೋಡಿದರೆ, ಸಾಲ ಹುಟ್ಟದೆ ಕೈಬಿಟ್ಟ ಯೋಜನೆಗಳಿಗಿಂತ ಸಾಲ ಸಿಕ್ಕ ಮೇಲೆ ಎಡವಿದ ಯೋಜನೆಗಳೇ ಹೆಚ್ಚು ಪಾಠ ಹೇಳುತ್ತವೆ.

ಘಟಕ ಮುದಿಯಾಗುವ ಬಗೆ

ಕಾಗದದ ಮೇಲೆ ಕಲ್ಲಿದ್ದಲು ಘಟಕದ ಉಪಯುಕ್ತ ಆಯುಸ್ಸು 25 ವರ್ಷ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ದರ ನಿಯಮಗಳು ಸವಕಳಿಯನ್ನು ಲೆಕ್ಕ ಹಾಕುವುದು ಈ ಅಂಕಿಯ ಮೇಲೆ. ಆದರೆ ಕಬ್ಬಿಣಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ. ಅದು ಎಣಿಸುವುದು ಓಡಿದ ಗಂಟೆಗಳನ್ನು ಮತ್ತು ಎಷ್ಟು ಸಲ ಬಿಸಿಯಾಗಿ ತಣ್ಣಗಾಯಿತು ಎಂಬುದನ್ನು. ಸುಮಾರು 540 ಡಿಗ್ರಿ ಸೆಲ್ಸಿಯಸ್ ಬಿಸಿಯ ಹಬೆಯನ್ನು ಭಾರೀ ಒತ್ತಡದಲ್ಲಿ ಹೊತ್ತು ಸಾಗುವ ಉಕ್ಕಿನ ಕೊಳವೆ ವರ್ಷಗಳು ಕಳೆದಂತೆ ಒಳಗೊಳಗೇ ಹಿಗ್ಗುತ್ತದೆ. ಬಾಯ್ಲರ್ ನಿಯಮಗಳ ಪ್ರಕಾರ ಒಂದು ಲಕ್ಷ ಗಂಟೆ ಓಡಿದ ಮೇಲೆ ಉಳಿದಿರುವ ಆಯುಸ್ಸಿನ ಪರೀಕ್ಷೆ ಆಗಬೇಕು.

ಆ ಪರೀಕ್ಷೆಯನ್ನು ಹತ್ತಿರದಿಂದ ನೋಡಿದರೆ ಇಡೀ ಹಣಕಾಸಿನ ಕತೆಯ ಬೇರು ಅಲ್ಲಿ ಕಾಣುತ್ತದೆ. ಘಟಕ ನಿಂತು ತಣ್ಣಗಾದ ಮೇಲೆ ತಂತ್ರಜ್ಞ ಹಬೆ ಕೊಳವೆಯ ಬಾಗಿನಲ್ಲಿ ಹೊದಿಕೆ ಬಿಚ್ಚಿ, ಒಂದು ನಾಣ್ಯದಗಲ ಜಾಗವನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜುತ್ತಾನೆ. ಅದರ ಮೇಲೆ ಆಮ್ಲ ಸವರಿ ಲೋಹದ ಕಣಗಳ ಗಡಿಗೆರೆಗಳು ಎದ್ದು ಬರುವಂತೆ ಮಾಡುತ್ತಾನೆ. ನಂತರ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಮೆದುಗೊಳಿಸಿ ಅದಕ್ಕೆ ಒತ್ತಿ, ಒಣಗಿದ ಮೇಲೆ ಕಿತ್ತು ತೆಗೆಯುತ್ತಾನೆ. ಲೋಹದ ಅಚ್ಚು ಆ ಹಾಳೆಯ ಮೇಲೆ ಮೂಡಿರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಕಣಗಳ ಅಂಚಿನಲ್ಲಿ ಬಿಡಿಬಿಡಿಯಾಗಿ ಸಣ್ಣ ಪೊಳ್ಳುಗಳು ಕಂಡರೆ ಇನ್ನೂ ಕೆಲವು ವರ್ಷ ಧೈರ್ಯದಿಂದ ಓಡಿಸಬಹುದು; ಪೊಳ್ಳುಗಳು ಒಂದಕ್ಕೊಂದು ಸೇರಿ ಸಾಲುಗಟ್ಟಿದ್ದರೆ ಬಿರುಕು ದೂರವಿಲ್ಲ, ಕೊಳವೆ ಬದಲಾಗಬೇಕು. ಇಂಥ ಪರೀಕ್ಷೆಗಳನ್ನು ಮಾಡುವ ಸಂಸ್ಥೆಗಳಲ್ಲಿ 1960ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯೂ ಒಂದು. ನಾಗಪುರದ ಬಳಿಯ ಕೊರಾಡಿಯಲ್ಲಿ ಅದರ ಉಷ್ಣ ಸಂಶೋಧನಾ ಕೇಂದ್ರವಿದೆ.

ತೊಡಕೆಂದರೆ ಈ ಪರೀಕ್ಷೆ ಮುಟ್ಟುವುದು ಆಯ್ದ ಕೆಲವು ಜಾಗಗಳನ್ನು ಮಾತ್ರ. ಗುತ್ತಿಗೆಯ ಮೊತ್ತ ನಿಗದಿಯಾಗುವುದು ಅದರ ವರದಿಯ ಮೇಲೆ. ನಿಜವಾದ ಹಾನಿ ತಿಳಿಯುವುದು ಘಟಕವನ್ನು ನಿಲ್ಲಿಸಿ ಪೂರ್ತಿ ಬಿಚ್ಚಿದ ಮೇಲೆ. ಆಗ ಪಟ್ಟಿಯಲ್ಲಿಲ್ಲದ ಕೆಲಸ ಹೊರಬೀಳುತ್ತದೆ, ಬಿಡಿಭಾಗಕ್ಕೆ ಹೊಸ ಆರ್ಡರು ಹೋಗುತ್ತದೆ, ಹಳೆಯ ವಿನ್ಯಾಸದ ನಕ್ಷೆಗಳು ಕೆಲವೊಮ್ಮೆ ಸಿಗುವುದೇ ಇಲ್ಲ. ಹಳೆಯ ಹೊದಿಕೆಗಳಲ್ಲಿ ಕಲ್ನಾರು ಸಿಕ್ಕರೆ ಅದನ್ನು ಸುರಕ್ಷಿತವಾಗಿ ತೆಗೆಯುವ ಖರ್ಚು ಬೇರೆ. ಹೊಸ ಸ್ಥಾವರ ಕಟ್ಟುವವನಿಗೆ ಈ ಅನಿಶ್ಚಿತತೆ ಇರುವುದಿಲ್ಲ. ಸಾಲ ಕೊಡುವವರು ನವೀಕರಣವೆಂದರೆ ಹಿಂಜರಿಯುವುದಕ್ಕೆ ಮೊದಲ ಕಾರಣವೇ ಇದು.

1984ರ ಕಾರ್ಯಕ್ರಮ

ಎಂಬತ್ತರ ದಶಕದ ಆರಂಭದಲ್ಲಿ ದೇಶದ ಉಷ್ಣ ಸ್ಥಾವರಗಳು ತಮ್ಮ ಸಾಮರ್ಥ್ಯದ ಅರ್ಧದಷ್ಟನ್ನೂ ಉತ್ಪಾದಿಸುತ್ತಿರಲಿಲ್ಲ. ಬೂದಿ ಹೆಚ್ಚಿದ್ದ ಕಲ್ಲಿದ್ದಲು, ಸ್ವದೇಶಿ ಯಂತ್ರಗಳ ಆರಂಭಿಕ ದೋಷ, ರಾಜ್ಯ ವಿದ್ಯುಚ್ಛಕ್ತಿ ಮಂಡಳಿಗಳ ಬರಿಗೈ ಎಲ್ಲವೂ ಸೇರಿದ್ದವು. 1984ರಲ್ಲಿ ಕೇಂದ್ರ ಸರ್ಕಾರ ಕೇಂದ್ರ ವಿದ್ಯುತ್ ಪ್ರಾಧಿಕಾರದ ಉಸ್ತುವಾರಿಯಲ್ಲಿ ನವೀಕರಣದ ಮೊದಲ ಹಂತವನ್ನು ಕೇಂದ್ರ ಪುರಸ್ಕೃತ ಯೋಜನೆಯಾಗಿ ಹಮ್ಮಿಕೊಂಡಿತು. 34 ಸ್ಥಾವರಗಳ 163 ಘಟಕಗಳು, ಒಟ್ಟು 13,570 ಮೆಗಾವ್ಯಾಟ್ ಅದರ ವ್ಯಾಪ್ತಿ. 1992ರ ಹೊತ್ತಿಗೆ ಮುಗಿದ ಈ ಹಂತದಿಂದ ವರ್ಷಕ್ಕೆ 700 ಕೋಟಿ ಯೂನಿಟ್ ಹೆಚ್ಚುವರಿ ವಿದ್ಯುತ್ತಿನ ನಿರೀಕ್ಷೆಯಿತ್ತು. ಸಿಕ್ಕಿದ್ದು ಸುಮಾರು 1,000 ಕೋಟಿ ಯೂನಿಟ್. ಭಾರತದ ನವೀಕರಣದ ಇತಿಹಾಸದಲ್ಲಿ ಗುರಿ ಮೀರಿದ ಅಧ್ಯಾಯ ಬಹುಶಃ ಇದೊಂದೇ. ಯಶಸ್ಸಿನ ಗುಟ್ಟೂ ಸರಳ: ಆಗ ವಿದ್ಯುತ್ತಿಗೆ ಹಾಹಾಕಾರವಿತ್ತು, ಉತ್ಪಾದಿಸಿದ ಪ್ರತಿ ಯೂನಿಟ್ಟೂ ಖರ್ಚಾಗುತ್ತಿತ್ತು, ಮತ್ತು ದುಡ್ಡಿನ ಒಂದು ಭಾಗ ನೇರ ಕೇಂದ್ರದಿಂದ ಬರುತ್ತಿತ್ತು.

ಎರಡನೆಯ ಹಂತ ತೊಂಬತ್ತರ ದಶಕದ ಮೊದಲಿಗೆ ಶುರುವಾಗುವಷ್ಟರಲ್ಲಿ ಚಿತ್ರ ಬದಲಾಗಿತ್ತು. 1986ರಲ್ಲಿ ಸ್ಥಾಪನೆಯಾದ ಪವರ್ ಫೈನಾನ್ಸ್ ಕಾರ್ಪೊರೇಷನ್ ಈಗ ಸಾಲದ ಮುಖ್ಯ ಮೂಲವಾಯಿತು. ಅನುದಾನದ ಜಾಗಕ್ಕೆ ಬಡ್ಡಿ ಬಂತು. ಸಾಲ ಪಡೆಯಬೇಕಾದ ಮಂಡಳಿಗಳಿಗೆ ಹಳೆಯ ಸಾಲದ ಕಂತನ್ನೇ ಕಟ್ಟಲಾಗುತ್ತಿರಲಿಲ್ಲ. ಅವು ಬೇಸಗೆಯಲ್ಲಿ ಘಟಕ ನಿಲ್ಲಿಸಲು ಒಪ್ಪುತ್ತಿರಲಿಲ್ಲ, ಮಳೆಗಾಲದಲ್ಲಿ ಗುತ್ತಿಗೆದಾರ ಸಿದ್ಧನಿರುತ್ತಿರಲಿಲ್ಲ. ಕೆಲಸ ಅರ್ಧಕ್ಕೆ ನಿಂತ ಘಟಕಗಳೇ ಹೆಚ್ಚಾದವು. ತೊಂಬತ್ತರ ದಶಕದ ಕೊನೆಗೆ ಕೇಂದ್ರ ಸರ್ಕಾರ ಪವರ್ ಫೈನಾನ್ಸ್ ಕಾರ್ಪೊರೇಷನ್ನಿನ ಮೂಲಕವೇ ಬಡ್ಡಿ ಸಹಾಯಧನ ಕೊಡುವ ವ್ಯವಸ್ಥೆಯನ್ನು ತಂದಿತು. ಬಿಹಾರದ ಬರೌನಿ ಮತ್ತು ಮುಜಫರ್‌ಪುರದ ಘಟಕಗಳಿಗೆ ಹಿಂದುಳಿದ ಪ್ರದೇಶಗಳ ಅಭಿವೃದ್ಧಿ ಹಣವನ್ನೇ ಹರಿಸಲಾಯಿತು. ವರ್ಷಗಳ ವಿಳಂಬದ ನಂತರ ಎದ್ದ ಮುಜಫರ್‌ಪುರದ 110 ಮೆಗಾವ್ಯಾಟಿನ ಎರಡೂ ಘಟಕಗಳು 2021ರಲ್ಲಿ ಕಾಯಂ ಆಗಿ ನಿಂತವು.

ದರದೊಳಗಿನ ಹಣ

ಇಂದು ನವೀಕರಣದ ಹಣಕಾಸು ಎಂದರೆ ಮೂಲತಃ ವಿದ್ಯುತ್ ದರದ ಪ್ರಶ್ನೆ. ಕಲ್ಲಿದ್ದಲು ಸ್ಥಾವರದ ದರದಲ್ಲಿ ಎರಡು ಭಾಗ: ಘಟಕ ಸಿದ್ಧವಿದ್ದುದಕ್ಕೆ ಕೊಡುವ ಸ್ಥಿರ ವೆಚ್ಚ, ಓಡಿ ಯೂನಿಟ್ ಕೊಟ್ಟಿದ್ದಕ್ಕೆ ಕೊಡುವ ಇಂಧನ ವೆಚ್ಚ. ಸಾಲದ ಬಡ್ಡಿ, ಬಂಡವಾಳದ ಮೇಲಿನ ಲಾಭ, ಸವಕಳಿ, ನಿರ್ವಹಣೆ ಇವೆಲ್ಲ ಮೊದಲನೆಯದರಲ್ಲಿ ಸೇರುತ್ತವೆ. ಕೇಂದ್ರ ಆಯೋಗದ ನಿಯಮದಂತೆ ಯೋಜನೆಯ ವೆಚ್ಚದಲ್ಲಿ 70 ಭಾಗ ಸಾಲ, 30 ಭಾಗ ಸ್ವಂತ ಬಂಡವಾಳ ಎಂದು ಹಿಡಿಯಲಾಗುತ್ತದೆ. ಆ ಬಂಡವಾಳಕ್ಕೆ ಉಷ್ಣ ಸ್ಥಾವರಗಳಲ್ಲಿ ಶೇ. 15.5ರ ಲಾಭ ಸಿಗುತ್ತದೆ. ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ ಸಾಲ ತೀರಿ, ಸವಕಳಿ ಶೇ. 90 ಮುಗಿದು, ಘಟಕದ ಸ್ಥಿರ ವೆಚ್ಚ ತಳ ಕಂಡಿರುತ್ತದೆ. ಹಳೆಯ ಸ್ಥಾವರದ ವಿದ್ಯುತ್ ಅಗ್ಗ ಎನ್ನುವುದು ಈ ಕಾರಣಕ್ಕೆ. ದಕ್ಷತೆ ಕಡಿಮೆ ಇದ್ದರೂ ವಿತರಣಾ ಕಂಪನಿಗಳು ಅದನ್ನು ಬಿಡಲೊಲ್ಲವು. ಗಣಿಯ ಬಾಯಲ್ಲೇ ಇರುವ ಸ್ಥಾವರವಾದರಂತೂ ಕೇಳುವುದೇ ಬೇಡ. ಕೇಂದ್ರ ಸರ್ಕಾರದ ಉತ್ಪಾದನಾ ಕಂಪನಿ ಎನ್‌ಟಿಪಿಸಿಯ ಮೊದಲ ಸ್ಥಾವರ ಸಿಂಗ್ರೌಲಿ ಅಂಥದ್ದು; ಅದರ ಮೊದಲ ಘಟಕ 1982ರಲ್ಲಿ ಚಾಲನೆಗೆ ಬಂದದ್ದು. ಅದರ ಪುಸ್ತಕದ ಆಯುಸ್ಸು 2007ಕ್ಕೇ ಮುಗಿದಿದೆ.

ಆಯುಸ್ಸು ಮುಗಿದ ಘಟಕದ ಮುಂದೆ ಕೇಂದ್ರ ಆಯೋಗ ಎರಡು ದಾರಿ ಇಟ್ಟಿದೆ. ಒಂದು, ವಿವರವಾದ ನವೀಕರಣ ಯೋಜನೆ ತಂದು, ಖರೀದಿದಾರರ ಒಪ್ಪಿಗೆ ಪಡೆದು, ಆ ವೆಚ್ಚವನ್ನು ಹೊಸದಾಗಿ ದರದಲ್ಲಿ ಸೇರಿಸಿಕೊಳ್ಳುವುದು. ಇನ್ನೊಂದು ವಿಶೇಷ ಭತ್ಯೆ: ದೊಡ್ಡ ಯೋಜನೆ ಏನೂ ಬೇಡ, ಘಟಕವನ್ನು ಓಡುವ ಸ್ಥಿತಿಯಲ್ಲಿಟ್ಟುಕೊಳ್ಳಲು ವರ್ಷಕ್ಕೆ ಮೆಗಾವ್ಯಾಟಿಗೆ ಇಂತಿಷ್ಟು. 2009ರ ನಿಯಮದಲ್ಲಿ ಇದು ಮೊದಲ ವರ್ಷಕ್ಕೆ 5 ಲಕ್ಷ ರೂಪಾಯಿ ಇತ್ತು. 2014ರಲ್ಲಿ 7.5 ಲಕ್ಷ, 2019ರಿಂದ 9.5 ಲಕ್ಷ, 2024ರಿಂದ 10.75 ಲಕ್ಷ. 210 ಮೆಗಾವ್ಯಾಟಿನ ಘಟಕಕ್ಕೆ ಈಗಿನ ದರದಲ್ಲಿ ವರ್ಷಕ್ಕೆ ಸುಮಾರು 22.6 ಕೋಟಿ ರೂಪಾಯಿ. ಎನ್‌ಟಿಪಿಸಿಯ ಹಲವು ಹಳೆಯ ಘಟಕಗಳು ಈ ದಾರಿ ಹಿಡಿದಿವೆ. ಕಾರಣ ಊಹಿಸುವುದು ಕಷ್ಟವಲ್ಲ. ಘಟಕವನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕಿಲ್ಲ, ಬ್ಯಾಂಕಿನ ಬಾಗಿಲು ತಟ್ಟಬೇಕಿಲ್ಲ, ವಾರ್ಷಿಕ ಓವರ್‌ಹಾಲ್‌ನಲ್ಲಿ ಒಂದೊಂದೇ ಭಾಗ ಬದಲಿಸಿಕೊಂಡು ಹೋಗಬಹುದು. ಯಂತ್ರವನ್ನು ಚೆನ್ನಾಗಿ ನೋಡಿಕೊಳ್ಳುವ ಕಂಪನಿಗೆ ಇದು ಒಳ್ಳೆಯ ವ್ಯವಸ್ಥೆಯೇ. ಆದರೆ ಭತ್ಯೆ ಘಟಕವನ್ನು ಬದುಕಿಸಿಡುತ್ತದೆ, ಉತ್ತಮಗೊಳಿಸುವುದಿಲ್ಲ. ಅದೇ ಯೂನಿಟ್ಟಿಗೆ ಅಷ್ಟೇ ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ.

ಮೊದಲನೆಯ ದಾರಿಯ ಖರ್ಚು-ಉಳಿತಾಯ ಎಷ್ಟೆಂದು ತಿಳಿಯಲು ಒಂದು ಮಾದರಿ ಲೆಕ್ಕ ಸಾಕು. ಇಲ್ಲಿನ ಅಂಕಿಗಳು ಯಾವ ಸ್ಥಾವರದವೂ ಅಲ್ಲ. 210 ಮೆಗಾವ್ಯಾಟಿನ ಘಟಕವೊಂದನ್ನು ಮೆಗಾವ್ಯಾಟಿಗೆ 2 ಕೋಟಿಯಂತೆ 420 ಕೋಟಿ ರೂಪಾಯಿಗೆ ನವೀಕರಿಸಿದರು ಎನ್ನೋಣ. ಒಂದು ಯೂನಿಟ್ ಉತ್ಪಾದಿಸಲು ಬೇಕಾದ ಶಾಖ 150 ಕಿಲೋ ಕ್ಯಾಲರಿ ತಗ್ಗಿತು, ಘಟಕ ವರ್ಷಕ್ಕೆ 7,000 ಗಂಟೆ ಪೂರ್ತಿ ಹೊರೆಯಲ್ಲಿ ಓಡಿತು. ಉತ್ಪಾದನೆ 147 ಕೋಟಿ ಯೂನಿಟ್. ಕೆಜಿಗೆ 3,500 ಕಿಲೋ ಕ್ಯಾಲರಿಯ ಕಲ್ಲಿದ್ದಲಾದರೆ ಉಳಿಯುವುದು ಸುಮಾರು 63,000 ಟನ್. ಟನ್ನಿಗೆ 4,000 ರೂಪಾಯಿಯಂತೆ 25 ಕೋಟಿ. ಇತ್ತ 294 ಕೋಟಿ ಸಾಲಕ್ಕೆ ಶೇ. 9ರ ಬಡ್ಡಿ, 126 ಕೋಟಿ ಬಂಡವಾಳಕ್ಕೆ ಶೇ. 15.5ರ ಲಾಭ, ಹದಿನೈದು ವರ್ಷದ ಸವಕಳಿ ಸೇರಿದರೆ ಮೊದಲ ವರ್ಷದ ಹೊರೆ 71 ಕೋಟಿ. ಯೂನಿಟ್ಟಿಗೆ 48 ಪೈಸೆ ಏರಿಕೆ, 17 ಪೈಸೆ ಉಳಿತಾಯ. ಘಟಕ ಅರ್ಧ ಹೊತ್ತು ಮಾತ್ರ ಓಡಿದರೆ ಏರಿಕೆ 97 ಪೈಸೆಗೆ ಹೋಗುತ್ತದೆ. ಉಳಿತಾಯ ಅದೇ 17 ಪೈಸೆ.

ಅಂದರೆ ಕಲ್ಲಿದ್ದಲು ಉಳಿಸುವ ನೆಪವೊಂದರಿಂದ ನವೀಕರಣ ಗಿಟ್ಟುವುದಿಲ್ಲ. ಅದನ್ನು ಸಮರ್ಥಿಸುವುದು ಬೇರೊಂದು ಲೆಕ್ಕ: ಭೂಮಿ, ನೀರು, ರೈಲು ಹಳಿ, ವಿದ್ಯುತ್ ಮಾರ್ಗ, ಬೂದಿ ಕೊಳ ಎಲ್ಲವೂ ಇರುವ ಜಾಗದಲ್ಲಿ 210 ಮೆಗಾವ್ಯಾಟ್ ಸಾಮರ್ಥ್ಯ ಇನ್ನೂ ಹದಿನೈದು ವರ್ಷ ಕೈಯಲ್ಲಿರುತ್ತದೆ, ಮತ್ತು ಅದಕ್ಕೆ ತಗಲುವುದು ಹೊಸ ಘಟಕದ ಬೆಲೆಯ ಸಣ್ಣ ಪಾಲು. ಹಾಗಾಗಿ ಕೇಳಬೇಕಾದ ಪ್ರಶ್ನೆ ಸಾಮರ್ಥ್ಯ ಬೇಕೇ, ಬೇಕಾದರೆ ಯಾವ ಗಂಟೆಗಳಿಗೆ ಎಂಬುದು. ಈ ಪ್ರಶ್ನೆಗೆ ಉತ್ತರ ಬರೆದುಕೊಳ್ಳದೆ ಸಾಲದ ಅರ್ಜಿ ಹಾಕಿದಲ್ಲೆಲ್ಲ ಪೆಟ್ಟು ಬಿದ್ದಿದೆ.

ಬಠಿಂಡಾದ ಪಾಠ

ಪಂಜಾಬಿನ ಬಠಿಂಡಾದಲ್ಲಿದ್ದ ಗುರುನಾನಕ್ ದೇವ್ ಉಷ್ಣ ಸ್ಥಾವರ ಇದಕ್ಕೆ ಕಣ್ಣಿಗೆ ಹೊಡೆಯುವ ಉದಾಹರಣೆ. ಎಪ್ಪತ್ತರ ದಶಕದಲ್ಲಿ ಎದ್ದ 110 ಮೆಗಾವ್ಯಾಟಿನ ನಾಲ್ಕು ಘಟಕಗಳು ಮಾಳ್ವಾ ಸೀಮೆಯ ಹೊಲಗಳ ಪಂಪ್‌ಸೆಟ್ಟುಗಳಿಗೆ ಆಸರೆಯಾಗಿದ್ದವು. ಸ್ಥಾವರದ ಕೊಳಗಳು, ಶೈತ್ಯ ಗೋಪುರಗಳು ಊರಿನ ಗುರುತೇ ಆಗಿಹೋಗಿದ್ದವು. 2000ದ ನಂತರದ ವರ್ಷಗಳಲ್ಲಿ ಎರಡೆರಡಾಗಿ ನಾಲ್ಕೂ ಘಟಕಗಳನ್ನು ನವೀಕರಿಸಿ ಸಾಮರ್ಥ್ಯವನ್ನು 460 ಮೆಗಾವ್ಯಾಟಿಗೆ ಏರಿಸಲಾಯಿತು. ಖರ್ಚು 700 ಕೋಟಿ ರೂಪಾಯಿಗೂ ಮೇಲೆ. ಅದೇ ಹೊತ್ತಿಗೆ ರಾಜ್ಯ ಸರ್ಕಾರ ರಾಜಪುರ, ತಲವಂಡಿ ಸಾಬೋಗಳ ದೊಡ್ಡ ಖಾಸಗಿ ಸ್ಥಾವರಗಳೊಡನೆ ದೀರ್ಘಾವಧಿ ಒಪ್ಪಂದಕ್ಕೆ ಸಹಿ ಹಾಕಿತ್ತು. ಅವು ಚಾಲೂ ಆದ ಮೇಲೆ ಬಠಿಂಡಾದ ವಿದ್ಯುತ್ ದುಬಾರಿ ಎನಿಸಿತು, ಘಟಕಗಳು ತಿಂಗಳುಗಟ್ಟಲೆ ಸುಮ್ಮನೆ ನಿಂತವು. 2017ರ ಡಿಸೆಂಬರಿನಲ್ಲಿ ಮಂತ್ರಿಮಂಡಲ ಮುಚ್ಚುವ ತೀರ್ಮಾನ ಮಾಡಿತು. 2018ರ ಜನವರಿ 1ರಿಂದ ಸ್ಥಾವರ ಬಂದ್. ನವೀಕರಣ ತಾಂತ್ರಿಕವಾಗಿ ಸೋತಿರಲಿಲ್ಲ. ಒಂದೇ ಸರ್ಕಾರದ ಒಂದು ಕೈ ಹಳೆಯದಕ್ಕೆ ಆಯುಸ್ಸು ಕೊಡುತ್ತಿದ್ದಾಗ ಇನ್ನೊಂದು ಕೈ ಅದರ ಮಾರುಕಟ್ಟೆಯನ್ನು ಬರೆದುಕೊಡುತ್ತಿತ್ತು, ಅಷ್ಟೇ.

ವಿದೇಶಿ ಹಣ

2009ರ ಜೂನ್‌ನಲ್ಲಿ ವಿಶ್ವಬ್ಯಾಂಕ್ ಭಾರತದ ಹಳೆಯ ಕಲ್ಲಿದ್ದಲು ಘಟಕಗಳ ಪುನರುಜ್ಜೀವನಕ್ಕೆ 18 ಕೋಟಿ ಡಾಲರ್ ಸಾಲವನ್ನೂ ಜಾಗತಿಕ ಪರಿಸರ ನಿಧಿಯಿಂದ 4.54 ಕೋಟಿ ಡಾಲರ್ ಅನುದಾನವನ್ನೂ ಮಂಜೂರು ಮಾಡಿತು. ಪಶ್ಚಿಮ ಬಂಗಾಳದ ಬಂಡೇಲ್ 5ನೇ ಘಟಕ, ಮಹಾರಾಷ್ಟ್ರದ ಕೊರಾಡಿ 6ನೇ ಘಟಕ, ಹರಿಯಾಣದ ಪಾಣಿಪತ್‌ನ 3 ಮತ್ತು 4ನೇ ಘಟಕಗಳು ಆಯ್ಕೆಯಾದವು. ಕಲ್ಲಿದ್ದಲಿಗೆ ಪರಿಸರ ನಿಧಿಯ ಹಣವೇ ಎಂಬ ಆಕ್ಷೇಪ ಆಗಲೇ ಎದ್ದಿತ್ತು. ಹೇಗೂ ಓಡುವ ಘಟಕ ಕಡಿಮೆ ಕಲ್ಲಿದ್ದಲಿನಲ್ಲಿ ಓಡಲಿ ಎಂಬುದು ಬ್ಯಾಂಕಿನ ವಾದ. ಆಯುಸ್ಸು ಹೆಚ್ಚಿಸಿದರೆ ಅದು ಉಗುಳುವ ಒಟ್ಟು ಇಂಗಾಲವೂ ಹೆಚ್ಚುತ್ತದಲ್ಲ ಎಂಬುದು ವಿರೋಧಿಗಳ ಪ್ರಶ್ನೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಯಾವುದು ಹೆಚ್ಚು ಸತ್ಯ ಎನ್ನುವುದು, ನವೀಕರಿಸದಿದ್ದರೆ ಘಟಕ ನಿಜವಾಗಿ ಮುಚ್ಚುತ್ತಿತ್ತೇ ಎಂಬುದರ ಮೇಲೆ ನಿಂತಿದೆ. ಭಾರತದಲ್ಲಿ ಅಂಥ ಘಟಕಗಳು ಸಾಮಾನ್ಯವಾಗಿ ಮುಚ್ಚುತ್ತಿರಲಿಲ್ಲ, ಕುಂಟುತ್ತಲೇ ಓಡುತ್ತಿದ್ದವು.

ಯೋಜನೆ ಅಂದುಕೊಂಡ ಅವಧಿಯಲ್ಲಿ ಮುಗಿಯಲಿಲ್ಲ. ಪಾಣಿಪತ್ ನಡುವೆಯೇ ಕೈಬಿಟ್ಟುಹೋಯಿತು. ಬಂಡೇಲ್ ಮತ್ತು ಕೊರಾಡಿ ವಿಳಂಬವಾಗಿ ಪೂರ್ಣಗೊಂಡವು. ಆ ಹೊತ್ತಿಗೆ ಜಗತ್ತಿನ ಗಾಳಿಯೇ ಬದಲಾಗಿತ್ತು. ವಿಶ್ವಬ್ಯಾಂಕ್ 2013ರಲ್ಲಿ ಹೊಸ ಕಲ್ಲಿದ್ದಲು ಸ್ಥಾವರಗಳಿಗೆ ತೀರಾ ಅಪರೂಪದ ಸಂದರ್ಭದಲ್ಲಿ ಮಾತ್ರ ನೆರವು ಎಂದಿತು; ಏಷ್ಯಾ ಅಭಿವೃದ್ಧಿ ಬ್ಯಾಂಕ್ 2021ರ ನೀತಿಯಲ್ಲಿ ಕಲ್ಲಿದ್ದಲಿಗೆ ಬಾಗಿಲು ಮುಚ್ಚಿತು. ಈಗ ಆ ಬ್ಯಾಂಕುಗಳ ದುಡ್ಡು ಹೋಗುವುದು ಸ್ಥಾವರ ಮುಚ್ಚುವ ಕೆಲಸಕ್ಕೆ. ದಕ್ಷಿಣ ಆಫ್ರಿಕಾದ ಕೊಮಾಟಿ ಸ್ಥಾವರ 2022ರ ಅಕ್ಟೋಬರ್ ಕೊನೆಯಲ್ಲಿ ನಿಂತ ಬೆನ್ನಿಗೇ ಆ ಜಾಗದಲ್ಲಿ ಸೌರ, ಪವನ ಮತ್ತು ಬ್ಯಾಟರಿ ಕಟ್ಟಲು ವಿಶ್ವಬ್ಯಾಂಕ್ 49.7 ಕೋಟಿ ಡಾಲರ್ ಮಂಜೂರು ಮಾಡಿತು. ಹೀಗಾಗಿ ಭಾರತದಲ್ಲಿ ನವೀಕರಣಕ್ಕೆ ಸಾಲವೆಂದರೆ ಪವರ್ ಫೈನಾನ್ಸ್ ಕಾರ್ಪೊರೇಷನ್, 2019ರಿಂದ ಅದರ ಅಂಗಸಂಸ್ಥೆಯಾಗಿರುವ ಆರ್‌ಇಸಿ, ಮತ್ತು ದೇಶದ ಬ್ಯಾಂಕುಗಳು.

ಹೊಗೆಯ ಖರ್ಚು

2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಅಧಿಸೂಚನೆ ಹಳೆಯ ಸ್ಥಾವರಗಳ ಲೆಕ್ಕವನ್ನೇ ತಲೆಕೆಳಗು ಮಾಡಿತು. 2003ರ ಕೊನೆಯೊಳಗೆ ಸ್ಥಾಪನೆಯಾದ ಘಟಕಗಳ ಹೊಗೆಯಲ್ಲಿ ಘನಮೀಟರಿಗೆ 100 ಮಿಲಿಗ್ರಾಂಗಿಂತ ಹೆಚ್ಚು ದೂಳು ಇರಕೂಡದು. 500 ಮೆಗಾವ್ಯಾಟಿಗಿಂತ ಸಣ್ಣ ಘಟಕಗಳಲ್ಲಿ ಗಂಧಕದ ಡೈಆಕ್ಸೈಡ್ 600 ಮಿಲಿಗ್ರಾಂ ದಾಟಕೂಡದು. ದೂಳಿನ ಮಿತಿಗೆ ಬೂದಿ ಹಿಡಿಯುವ ಯಂತ್ರಕ್ಕೆ ಇನ್ನೊಂದಷ್ಟು ಕೋಣೆ ಸೇರಿಸಿದರಾಯಿತು. ಗಂಧಕ ತೊಳೆಯುವ ಘಟಕಕ್ಕೆ ಮಾತ್ರ ದೊಡ್ಡ ಜಾಗ, ಸುಣ್ಣದ ಕಲ್ಲು, ನೀರು, ವಿದ್ಯುತ್ ಬೇಕು. ಅದರ ಬಂಡವಾಳವೂ ದೊಡ್ಡದು. 2018ರಲ್ಲಿ ವಿದ್ಯುತ್ ಸಚಿವಾಲಯ ಈ ಖರ್ಚನ್ನು ಕಾನೂನಿನ ಬದಲಾವಣೆಯಿಂದ ಬಂದದ್ದೆಂದು ಪರಿಗಣಿಸಿ ದರದಲ್ಲಿ ಸೇರಿಸಿಕೊಡಿ ಎಂದು ಆಯೋಗಕ್ಕೆ ನಿರ್ದೇಶನ ಕೊಟ್ಟಿತು. ಬ್ಯಾಂಕುಗಳಿಗೆ ಬೇಕಾಗಿದ್ದ ಭರವಸೆ ಅದೇ.

ಭರವಸೆ ಬಂದರೂ ಕೆಲಸ ತೆವಳಿತು. 2017ರ ಗಡುವು 2022ಕ್ಕೆ ಹೋಯಿತು, ಅಲ್ಲಿಂದ ಮತ್ತೆ ಮತ್ತೆ ಮುಂದಕ್ಕೆ. ಕೊನೆಗೆ 2025ರ ಜುಲೈನಲ್ಲಿ ಸರ್ಕಾರ, ದಿಲ್ಲಿ ರಾಜಧಾನಿ ವಲಯ ಮತ್ತು ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳಿಗೆ ಹತ್ತು ಕಿಲೋಮೀಟರ್ ಒಳಗಿರುವ ಸ್ಥಾವರಗಳಿಗೆ ಮಾತ್ರ 2027ರ ಕೊನೆಯ ಗಡುವನ್ನು ಉಳಿಸಿ, ತೀವ್ರ ಮಾಲಿನ್ಯದ ಪ್ರದೇಶಗಳ ಸುತ್ತ ಇರುವವನ್ನು ಒಂದೊಂದಾಗಿ ಪರಿಶೀಲಿಸುವುದೆಂದು ಹೇಳಿ, ಮಿಕ್ಕ ಸುಮಾರು ಮುಕ್ಕಾಲು ಭಾಗ ಸ್ಥಾವರಗಳಿಗೆ ಗಂಧಕದ ನಿಯಮದಿಂದಲೇ ವಿನಾಯಿತಿ ಕೊಟ್ಟಿತು. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಆಜ್ಞೆ ಪಾಲಿಸಿ ಮೊದಲೇ ದುಡ್ಡು ಸುರಿದ ಕಂಪನಿಗಳ ವೆಚ್ಚ ಗ್ರಾಹಕರ ಬಿಲ್ಲಿನಲ್ಲಿದೆ. ಕಾಲ ತಳ್ಳಿದವರಿಗೆ ಖರ್ಚೇ ಬರಲಿಲ್ಲ. ಮುಂದೆ ಇಂಥ ಇನ್ನೊಂದು ಆಜ್ಞೆ ಬಂದಾಗ ಯಾವ ಕಂಪನಿ ಮೊದಲು ಓಡೀತು?

2010ರಲ್ಲಿ ಟನ್ನಿಗೆ 50 ರೂಪಾಯಿಯಿಂದ ಶುರುವಾಗಿ 2016ಕ್ಕೆ 400 ರೂಪಾಯಿಗೆ ಏರಿದ ಕಲ್ಲಿದ್ದಲು ಸೆಸ್ಸಿನ ಹಣ ಈ ಕೆಲಸಕ್ಕೆ ಸಿಗಬಹುದಿತ್ತು ಎಂಬ ವಾದವೂ ಇದೆ. 2017ರಲ್ಲಿ ಆ ಸೆಸ್ ಜಿಎಸ್‌ಟಿ ಪರಿಹಾರ ಸೆಸ್ಸಿನಲ್ಲಿ ಕರಗಿತು; 2025ರ ಸೆಪ್ಟೆಂಬರ್ 22ರಿಂದ ಅದೂ ರದ್ದಾಗಿ ಕಲ್ಲಿದ್ದಲಿನ ಜಿಎಸ್‌ಟಿ ಶೇ. 5ರಿಂದ 18ಕ್ಕೆ ಏರಿತು.

ಬಿಸಿಲಿನ ಜೊತೆ ಏಗುವುದು

ಹತ್ತು ವರ್ಷಗಳಿಂದೀಚೆಗೆ ನವೀಕರಣದ ಉದ್ದೇಶವೇ ಬೇರೆಯಾಗಿದೆ. ಮೊದಲು ಘಟಕ ಹಗಲಿರುಳು ಪೂರ್ತಿ ಹೊರೆಯಲ್ಲಿ ಓಡಲಿ ಎಂದು ದುಡ್ಡು ಹಾಕುತ್ತಿದ್ದರು. ಈಗ ಹಗಲಲ್ಲಿ ಸೌರ ವಿದ್ಯುತ್ ಹರಿಯುವಾಗ ಕಲ್ಲಿದ್ದಲು ಘಟಕ ತಗ್ಗಬೇಕು, ಸಂಜೆ ಏಳರ ಹೊತ್ತಿಗೆ ಸರಸರನೆ ಏರಬೇಕು. 2023ರ ಜನವರಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ತಂದ ನಿಯಮಗಳಂತೆ ಘಟಕಗಳು ಮೊದಲು ಶೇ. 55ರವರೆಗೆ, ಮುಂದೆ ಶೇ. 40ರವರೆಗೆ ಹೊರೆ ಇಳಿಸಿ ಓಡುವಂತಿರಬೇಕು, ಶೇ. 70ರ ಮೇಲೆ ನಿಮಿಷಕ್ಕೆ ಶೇ. 3ರಂತೆ ಏರಿಳಿಯಬೇಕು. ಇಷ್ಟು ಕೆಳಗೆ ಬಾಯ್ಲರಿನ ಜ್ವಾಲೆ ಆರದಂತೆ ನೋಡಿಕೊಳ್ಳಲು ಹೊಸ ನಿಯಂತ್ರಣ ವ್ಯವಸ್ಥೆ, ಜ್ವಾಲೆ ಗುರುತಿಸುವ ಉಪಕರಣ, ಬರ್ನರುಗಳ ಬದಲಾವಣೆ ಬೇಕಾಗುತ್ತದೆ.

ಆಧುನಿಕ ನಿಯಂತ್ರಣ ಬಂದರೂ ದಿನವೂ ಏರಿಳಿಯುವ ಉಷ್ಣತೆ ಉಕ್ಕನ್ನು ಬೇಗ ಸವೆಸುತ್ತದೆ. ಬಾಯ್ಲರ್ ಕೊಳವೆಗಳ ಸೋರಿಕೆ ಹೆಚ್ಚುತ್ತದೆ, ಕಡಿಮೆ ಹೊರೆಯಲ್ಲಿ ಯೂನಿಟ್ಟಿಗೆ ಕಲ್ಲಿದ್ದಲು ಹೆಚ್ಚು ಬೇಕು. ಈ ಸವಕಳಿಗೆ ಪರಿಹಾರ ಯಾರು ಕೊಡಬೇಕು ಎಂಬುದು ಇನ್ನೂ ಕಗ್ಗಂಟು. ಸೌರ ವಿದ್ಯುತ್ ಯೂನಿಟ್ಟಿಗೆ ಇಷ್ಟು ಅಗ್ಗ ಎಂದು ಹೇಳುವಾಗ ಪಕ್ಕದ ಕಲ್ಲಿದ್ದಲು ಘಟಕ ತಗ್ಗಿ ಕಾಯುವ ಖರ್ಚನ್ನು ಅದರೊಡನೆ ಕೂಡಿಸುವ ಪದ್ಧತಿ ಇಲ್ಲ.

ದೇಶದ ಗರಿಷ್ಠ ಬೇಡಿಕೆ 2024ರ ಮೇ ತಿಂಗಳಲ್ಲಿ 250 ಗಿಗಾವ್ಯಾಟ್ ಮುಟ್ಟಿತು. ಇಂಥ ದಿನಗಳ ಭಯದಿಂದಲೇ ಪ್ರಾಧಿಕಾರ 2023ರ ಆರಂಭದಲ್ಲಿ 2030ರವರೆಗೆ ಯಾವ ಕಲ್ಲಿದ್ದಲು ಘಟಕವನ್ನೂ ನಿವೃತ್ತಿಗೊಳಿಸಬೇಡಿ ಎಂದು ಸೂಚಿಸಿತು, ಮತ್ತು 148 ಘಟಕಗಳ 38,720 ಮೆಗಾವ್ಯಾಟನ್ನು ನವೀಕರಣ ಅಥವಾ ಆಯುಸ್ಸು ವಿಸ್ತರಣೆಗೆ ಗುರುತಿಸಿತು. ಪಟ್ಟಿ ಮಾಡುವುದು ಸುಲಭ. ಇವುಗಳಲ್ಲಿ ಹಲವು ರಾಜ್ಯ ಕಂಪನಿಗಳ ಘಟಕಗಳು. ಅವಕ್ಕೆ ವಿತರಣಾ ಕಂಪನಿಗಳಿಂದ ಬರಬೇಕಾದ ಬಾಕಿಯೇ ಬೆಟ್ಟದಷ್ಟಿರುತ್ತದೆ.

ಬೇರೆ ದೇಶಗಳು

ಚೀನಾ ಈ ಕೆಲಸವನ್ನು ಆಜ್ಞೆಯ ಬಲದಿಂದ ಮಾಡಿದೆ. 2021ರಲ್ಲಿ ಅದು ಐದು ವರ್ಷಗಳಲ್ಲಿ 350 ಗಿಗಾವ್ಯಾಟಿಗೆ ಇಂಧನ ಉಳಿತಾಯದ ಮಾರ್ಪಾಡು, 200 ಗಿಗಾವ್ಯಾಟಿಗೆ ಹೊರೆ ಏರಿಳಿಸುವ ಮಾರ್ಪಾಡು ಆಗಬೇಕೆಂದು ಗೊತ್ತುಮಾಡಿತು. 2024ರ ಜನವರಿಯಿಂದ ಸಿದ್ಧವಿರುವ ಸಾಮರ್ಥ್ಯಕ್ಕೆ ಪ್ರತ್ಯೇಕ ಹಣ ಕೊಡುವ ಪದ್ಧತಿ ಜಾರಿಗೆ ತಂದಿತು. ಅಮೆರಿಕದಲ್ಲಿ ಹಳೆಯ ಸ್ಥಾವರಗಳು ಅಗ್ಗದ ಅನಿಲದೆದುರು ಸೋತು ಮುಚ್ಚುತ್ತಿದ್ದವು. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಇಂಧನ ಇಲಾಖೆ ಕಲ್ಲಿದ್ದಲು ಉದ್ಯಮಕ್ಕೆ 62.5 ಕೋಟಿ ಡಾಲರ್ ಘೋಷಿಸಿತು. ಅದರಲ್ಲಿ 35 ಕೋಟಿ ಮುಚ್ಚಿದ ಅಥವಾ ಹಳೆಯ ಘಟಕಗಳನ್ನು ಮತ್ತೆ ಎಬ್ಬಿಸಲು. ಮಾರುಕಟ್ಟೆ ಬೇಡವೆಂದ ಯಂತ್ರಕ್ಕೆ ಖಜಾನೆಯ ಹಣ ಎಂಬ ಟೀಕೆ, ಡೇಟಾ ಸೆಂಟರುಗಳ ಬೇಡಿಕೆಗೆ ಬೇರೆ ದಾರಿಯಿಲ್ಲ ಎಂಬ ಸಮರ್ಥನೆ, ಎರಡೂ ಅಲ್ಲಿ ಜೋರಾಗಿವೆ.

ಕರ್ನಾಟಕ

ಕರ್ನಾಟಕದ ಮಟ್ಟಿಗೆ ಈ ಇಡೀ ಚರ್ಚೆಯ ಕೇಂದ್ರ ರಾಯಚೂರು ಜಿಲ್ಲೆಯ ಶಕ್ತಿನಗರ. ಜಲವಿದ್ಯುತ್ತನ್ನೇ ನಂಬಿದ್ದ ರಾಜ್ಯ ಮಳೆ ಕೈಕೊಟ್ಟಾಗಲೆಲ್ಲ ಕತ್ತಲಲ್ಲಿ ಕೂರುತ್ತಿತ್ತು. ಅದಕ್ಕೆ ಉತ್ತರವಾಗಿ ಕೃಷ್ಣಾ ದಂಡೆಯ ಮೇಲೆ 1985ರಲ್ಲಿ ರಾಯಚೂರು ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ, 1986ರಲ್ಲಿ ಎರಡನೆಯದು ಚಾಲನೆಗೆ ಬಂದವು. ಇಂದು ಅಲ್ಲಿ 210 ಮೆಗಾವ್ಯಾಟಿನ ಏಳು ಮತ್ತು 250 ಮೆಗಾವ್ಯಾಟಿನ ಒಂದು ಘಟಕ, ಒಟ್ಟು 1,720 ಮೆಗಾವ್ಯಾಟ್. ಗಣಿ ಬಾಯಲ್ಲಿಲ್ಲದ ಈ ಸ್ಥಾವರಕ್ಕೆ ಕಲ್ಲಿದ್ದಲು ಸಿಂಗರೇಣಿಯಿಂದ, ಮಹಾನದಿ ಮತ್ತಿತರ ಗಣಿಗಳಿಂದ ರೈಲಿನಲ್ಲೇ ಬರಬೇಕು. ಹಾಗಾಗಿ ಇಂಧನ ವೆಚ್ಚದಲ್ಲಿ ಸಿಂಗ್ರೌಲಿಯಂಥ ಸ್ಥಾವರದ ಅನುಕೂಲ ಇದಕ್ಕಿಲ್ಲ. ಅದೇ ಕಾರಣಕ್ಕೆ ಇಲ್ಲಿ ಉಳಿಸಿದ ಪ್ರತಿ ಟನ್ ಕಲ್ಲಿದ್ದಲಿನ ಬೆಲೆಯೂ ಹೆಚ್ಚು. ನೆರೆಯ ಯರಮರಸ್‌ನಲ್ಲಿ 800 ಮೆಗಾವ್ಯಾಟಿನ ಎರಡು, ಬಳ್ಳಾರಿಯ ಕುಡಿತಿನಿಯಲ್ಲಿ ಒಟ್ಟು 1,700 ಮೆಗಾವ್ಯಾಟಿನ ಮೂರು ಘಟಕಗಳು ಬಂದ ಮೇಲೆ, ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಎದ್ದ ಮೇಲೆ, ಶಕ್ತಿನಗರದ ಹಳೆಯ ಘಟಕಗಳ ಕೆಲಸ ಮೊದಲಿನಂತಿಲ್ಲ. ಮಳೆ ಚೆನ್ನಾದ ವರ್ಷ ಅವು ಉತ್ಪಾದನೆ ತಗ್ಗಿಸಿ ಕೂರುತ್ತವೆ. ಬರ ಬಿದ್ದ ಬೇಸಗೆಯಲ್ಲಿ ಒಂದು ಘಟಕ ಕೆಟ್ಟರೂ ಸುದ್ದಿಯಾಗುತ್ತದೆ.

ಇಂಥ ಘಟಕಕ್ಕೆ ವರ್ಷಕ್ಕೆ 7,000 ಗಂಟೆ ಓಡುವ ಲೆಕ್ಕದಲ್ಲಿ ದೊಡ್ಡ ಸಾಲ ತರುವುದು ಬಠಿಂಡಾದ ದಾರಿ. ಬೇಸಗೆಯ ಕೆಲವು ತಿಂಗಳು ಮತ್ತು ಸಂಜೆಯ ಗಂಟೆಗಳಿಗೆಂದು ಭದ್ರತೆ, ದೂಳು ನಿಯಂತ್ರಣ, ಹೊರೆ ಏರಿಳಿಸುವ ಸಾಮರ್ಥ್ಯ ಇಷ್ಟಕ್ಕೆ ಮಾತ್ರ ಹಣ ಹಾಕುವುದು ಹೆಚ್ಚು ವಿವೇಕದ್ದು; ಅದೂ ಅದೇ ಗಂಟೆಗಳ ಬ್ಯಾಟರಿ ಅಥವಾ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಹರಿಸುವ) ವಿದ್ಯುತ್ತಿನ ದರದೊಡನೆ ತೂಗಿ ನೋಡಿದ ಮೇಲೆ. ಶಕ್ತಿನಗರದ ಮೊದಲೆರಡು ಘಟಕಗಳು ಪುಸ್ತಕದ ಆಯುಸ್ಸನ್ನು 2010 ಮತ್ತು 2011ರಲ್ಲೇ ಮುಗಿಸಿ ಈಗ ನಲವತ್ತು ವರ್ಷದ ಗಡಿಯಲ್ಲಿವೆ. ಇಂಥ ಖರ್ಚು ದರಕ್ಕೆ ಸೇರಬೇಕಾದರೆ ನಿಯಂತ್ರಣ ಆಯೋಗದ ಮುಂದೆ ಅರ್ಜಿ ಬರಬೇಕು. 2003ರ ವಿದ್ಯುಚ್ಛಕ್ತಿ ಕಾಯಿದೆಯ 64ನೇ ಕಲಂ ಪ್ರಕಾರ ದರದ ಅರ್ಜಿಯನ್ನು ಪ್ರಕಟಿಸುವುದು ಕಡ್ಡಾಯ, ಮತ್ತು ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿಯೇ ಆಯೋಗ 120 ದಿನಗಳೊಳಗೆ ಆದೇಶ ಹೊರಡಿಸಬೇಕು. ಆಕ್ಷೇಪಣೆ ಸಲ್ಲಿಸಲು ಯಾವ ಗ್ರಾಹಕನಿಗೂ ಹಕ್ಕಿದೆ.